ಹಣ್ಣಿನ ಕೇಕಿಗೆ ಒಪ್ಪುವ ಅಚ್ಚು: ತಳ ಬಿಡಿಯಾಗಿ ಬರುವ ಅಲ್ಯುಮಿನಿಯಂ ಟಿನ್

ಸ್ಪಾಂಜ್ ಕೇಕ್ ಅರ್ಧ ಗಂಟೆಯ ಆಸುಪಾಸಿನಲ್ಲಿ ಬೆಂದುಬಿಡುವುದರಿಂದ ಅದಕ್ಕೆ ಎಂಥ ಅಚ್ಚಾದರೂ ನಡೆದೀತು. ಒಣದ್ರಾಕ್ಷಿ, ಚೆರಿ, ಕಿತ್ತಳೆ ಸಿಪ್ಪೆಗಳನ್ನು ಧಾರಾಳವಾಗಿ ಸೇರಿಸುವ ಹಳೆಯ ಬಗೆಯ ಹಣ್ಣಿನ ಕೇಕ್ ಹಾಗಲ್ಲ. ಅದು 150 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ಶಾಖದಲ್ಲಿ ಸುಮಾರು ಮೂರು ಗಂಟೆ ನಿಧಾನವಾಗಿ ಬೇಯಬೇಕು; ಅಷ್ಟು ಹೊತ್ತೂ ಅಂಚು ಕರಕಾಗದೆ, ನಡುಭಾಗ ಹಸಿಯಾಗಿ ಉಳಿಯದೆ ಬರಬೇಕಾದರೆ ಅಚ್ಚು ಒಳ್ಳೆಯದಿರಬೇಕು. ನಾನು ಬಳಸುತ್ತಿರುವ 20 ಸೆಂ.ಮೀ. ಅಗಲ, 7.5 ಸೆಂ.ಮೀ. ಆಳದ ದುಂಡನೆಯ ಆನೊಡೈಸ್ಡ್ (ಮೇಲ್ಮೈಗೆ ಗಟ್ಟಿಯಾದ ರಕ್ಷಣಾ ಪದರ ಬರುವಂತೆ ಸಂಸ್ಕರಿಸಿದ) ಅಲ್ಯುಮಿನಿಯಂ ಟಿನ್ ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ.

ಇದರ ಮೊದಲ ಗುಣ ತಿಳಿ ಬೂದು ಬಣ್ಣ. ಕಪ್ಪು ನಾನ್‌ಸ್ಟಿಕ್ ಟಿನ್ನುಗಳು ಓವನ್ನಿನ ಶಾಖವನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ, ಅವುಗಳ ಗೋಡೆಗೆ ತಾಗಿದ ಒಣದ್ರಾಕ್ಷಿ ನಡುಭಾಗ ಬೇಯುವ ಮೊದಲೇ ಸುಟ್ಟು ಕಹಿಯಾಗುತ್ತದೆ. ಈ ಟಿನ್ನಿನಲ್ಲಿ ಬೆಂದ ಕೇಕಿನ ಹೊರಮೈ ಒಂದೇ ಸಮನಾದ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗೆಂದು ಒಳಗೆ ಎರಡು ಪದರ ಬೇಕಿಂಗ್ ಪೇಪರ್ ಹಾಕುವುದನ್ನೂ, ಹೊರಗೆ ದಪ್ಪ ಕಂದು ಕಾಗದ ಸುತ್ತಿ ದಾರ ಕಟ್ಟುವುದನ್ನೂ ಬಿಡಬಾರದು. ಎಷ್ಟೇ ಒಳ್ಳೆಯ ಲೋಹವಾದರೂ ಮೂರು ಗಂಟೆಯ ಕಾವಿಗೆ ಆ ರಕ್ಷಣೆ ಬೇಕೇ ಬೇಕು.

ಬೆಣ್ಣೆ, ಕಂದು ಸಕ್ಕರೆ, ಮೈದಾ ತಲಾ 225 ಗ್ರಾಂ, ನಾಲ್ಕು ಮೊಟ್ಟೆ, ಹಿಂದಿನ ರಾತ್ರಿಯೇ ಕಿತ್ತಳೆ ರಸದಲ್ಲಿ ನೆನೆಸಿದ 700 ಗ್ರಾಂ ಒಣಹಣ್ಣು: ಇಷ್ಟು ಮಿಶ್ರಣ ಇದರಲ್ಲಿ ಸಲೀಸಾಗಿ ಹಿಡಿಸುತ್ತದೆ. ಗೋಡೆ ನೇರವಾಗಿರುವುದರಿಂದ ಕಾಗದ ಸುಕ್ಕಾಗದೆ ಕೂರುತ್ತದೆ. ಮಿಶ್ರಣ ತುಂಬಿದ ಮೇಲೆ ಚಮಚದ ಬೆನ್ನಿನಿಂದ ನಡುವೆ ತುಸು ತಗ್ಗು ಮಾಡಿದರೆ ಮೇಲ್ಮೈ ಗುಡ್ಡೆಯಾಗದೆ ಸಮತಟ್ಟಾಗಿ ಬೇಯುತ್ತದೆ.

ನನಗೆ ಅತ್ಯಂತ ಹಿಡಿಸಿದ್ದು ಬಿಡಿ ತಳ. ಹಣ್ಣಿನ ಕೇಕನ್ನು ಟಿನ್ನಿನಲ್ಲಿಯೇ ಪೂರ್ತಿ ಆರಿಸಬೇಕು. ಬಿಸಿಯಿರುವಾಗ ತೆಗೆದರೆ ಹಣ್ಣಿನ ಭಾರಕ್ಕೆ ಬಿರುಕು ಬಿಡುತ್ತದೆ. ಆರಿದ ಮೇಲೆ ಟಿನ್ನನ್ನು ಅಗಲವಾದ ಡಬ್ಬಿಯೊಂದರ ಮೇಲಿಟ್ಟು ಗೋಡೆಯನ್ನು ಎರಡೂ ಕೈಗಳಿಂದ ಕೆಳಕ್ಕೆ ಒತ್ತಿದರೆ ಅದು ಮೆಲ್ಲನೆ ಜಾರಿ, ಕೇಕ್ ತಳದ ತಟ್ಟೆಯ ಮೇಲೆ ಇಡಿಯಾಗಿ ನಿಲ್ಲುತ್ತದೆ. ಮಗುಚುವ ಅಗತ್ಯವೇ ಇಲ್ಲದ್ದರಿಂದ ಮೇಲೆ ಜೋಡಿಸಿದ ಬಾದಾಮಿ ಒಂದೂ ಕದಲುವುದಿಲ್ಲ.

ಕೊರತೆಗಳಿಲ್ಲವೆಂದಲ್ಲ. ತಳದ ಸಂದಿಯಿಂದ ತೆಳುವಾದ ಹಿಟ್ಟು ಸೋರುವುದರಿಂದ ನೀರಾದ ಮಿಶ್ರಣದ ಕೇಕುಗಳಿಗೆ ಇದು ತಕ್ಕುದಲ್ಲ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿದರೆ ಅದರ ಕ್ಷಾರಯುಕ್ತ ಪುಡಿ ಆನೊಡೈಸ್ಡ್ ಪದರವನ್ನು ತಿನ್ನುತ್ತದೆ. ಆದ್ದರಿಂದ ಬೆಚ್ಚಗಿನ ಸೋಪು ನೀರಿನಲ್ಲಿ ಕೈಯಿಂದಲೇ ತೊಳೆದು, ಒರೆಸಿಡಬೇಕು. ತಳ ಕೂರುವ ಅಂಚಿನ ಒಳಸುತ್ತಿನಲ್ಲಿ ಸಕ್ಕರೆಯ ಅಂಟು ಉಳಿದುಕೊಳ್ಳುವುದರಿಂದ ಅಲ್ಲಿಗೆ ಮೆದುವಾದ ಬ್ರಷ್ ಬೇಕಾಗುತ್ತದೆ.

ಚೌಕಾಕಾರದ ಕೇಕ್ ಬೇಕೆನ್ನುವವರು ಇದೇ ಆಳದ 18 ಸೆಂ.ಮೀ. ಟಿನ್ ಕೊಂಡರೆ ಸಾಕು. ಎರಡರ ವಿಸ್ತೀರ್ಣವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಮೇಲಿನ ಅಳತೆಗಳನ್ನು ಬದಲಿಸಬೇಕಾಗಿಲ್ಲ.