ಗಾಳಿಗೆ ಬಿದ್ದ ತೋಟದ ಹಾನಿ ಸರ್ವೆ: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ಮುಂಗಾರಿಗೆ ಮುಂಚಿನ ಗಾಳಿಮಳೆಗೆ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ದೊಡ್ಡ ಪೆಟ್ಟು ಬಿತ್ತು. ಶಿವಮೊಗ್ಗದಿಂದ ಬಂದು ಹಾನಿ ಸರ್ವೆ ಮಾಡಿಕೊಡುವ ಸಣ್ಣ ತಂಡವೊಂದನ್ನು ಕರೆಸಿದ್ದೆವು. ತೋಟ ಇರುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಫೋನ್ ಮಾಡಿದ ಕೂಡಲೇ ಅವರು ಹೇಳಿದ್ದು, "ಅಣ್ಣಾ, ನಾವು ಬರೋ ತನಕ ಬಿದ್ದ ಮರ ಎಳೆಸಬೇಡಿ, ಹಾಗೇ ಇರಲಿ." ಯಾಕೆ ಅಂತ ಅವರು ಬಂದ ಮೇಲೆ ಗೊತ್ತಾಯಿತು. ಮೇಲಿನಿಂದ ಡ್ರೋನ್ ಫೋಟೋ ತೆಗೆದ ಮೇಲೆ ಇಬ್ಬರು ಹುಡುಗರು ಬಸಿಗಾಲುವೆಗಳನ್ನು ದಾಟುತ್ತಾ ಇಡೀ ತೋಟ ನಡೆದರು. ಬಿದ್ದ ಪ್ರತಿ ಮರದ ಪಕ್ಕ ದಿಕ್ಸೂಚಿ ಇಟ್ಟು ತುದಿ ಯಾವ ಕಡೆಗಿದೆ, ಬೇರು ಸಮೇತ ಕಿತ್ತಿದೆಯಾ, ನಡು ಮುರಿದಿದೆಯಾ, ಬರೀ ಚಂಡೆ (ಮರದ ತಲೆ) ಹಾರಿದೆಯಾ ಅಂತ ಬರೆದುಕೊಂಡರು.

ಆ ನಕ್ಷೆ ನೋಡಬೇಕು ನೀವು. ಒಂದೊಂದು ಮರಕ್ಕೂ ಒಂದೊಂದು ಬಾಣ. ತೋಟದ ಹೆಚ್ಚಿನ ಭಾಗದಲ್ಲಿ ಬಾಣಗಳೆಲ್ಲ ಪಶ್ಚಿಮಕ್ಕೆ, ಹೋಗ್ತಾ ಹೋಗ್ತಾ ಸ್ವಲ್ಪ ಅಗಲವಾಗಿ ಹರಡಿವೆ. ಮೋಡದಿಂದ ತಣ್ಣನೆ ಭಾರದ ಗಾಳಿ ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು ಒಂದೇ ಕಡೆ ನುಗ್ಗಿದರೆ ಹೀಗಾಗುತ್ತದಂತೆ. ಕೆಳಗಿನ ಗದ್ದೆ ಅಂಚಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ ಬಾಣಗಳು ಒಂದನ್ನೊಂದು ಅಡ್ಡ ಹಾಯ್ದಿವೆ, ಎರಡೂ ಬದಿಯ ಮರಗಳು ನಡುವಿನ ಕಡೆಗೇ ತಲೆ ಹಾಕಿ ಬಿದ್ದಿವೆ. ಪಂಪ್ ಶೆಡ್ಡಿನ ತಗಡು ಉಲ್ಟಾ ದಿಕ್ಕಿಗೆ ಹೋಗಿ ಹಲಸಿನ ಮರಕ್ಕೆ ಸುತ್ತಿಕೊಂಡಿತ್ತು. ಅದು ಸುಂಟರಗಾಳಿಯ ಗುರುತು. ಊರವರೆಲ್ಲ ಇಡೀ ತೋಟಕ್ಕೆ ಸುಂಟರಗಾಳಿ ಹೊಡೆದಿದೆ ಅಂತಿದ್ದರು, ಆದರೆ ಜಾಸ್ತಿ ಮರ ಬೀಳಿಸಿದ್ದು ನೇರ ಗಾಳಿಯೇ.

ಗಾಳಿಯ ವೇಗ ಎಷ್ಟಿತ್ತು ಅಂತ ಕೇಳಿದೆ. ಅಮೆರಿಕದಲ್ಲಿ 2007ರಿಂದ ಸುಂಟರಗಾಳಿಗೆ ಇಎಫ್ (ಎನ್‌ಹ್ಯಾನ್ಸ್ಡ್ ಫ್ಯುಜಿಟಾ) ಮಾಪಕ ಅಂತ ಬಳಸುತ್ತಾರೆ, ಹಾನಿ ನೋಡಿಯೇ ವೇಗ ಅಂದಾಜು ಮಾಡುತ್ತಾರೆ. ಕೆಳಗಿನ ದರ್ಜೆ ಇಎಫ್0 ಅಂದರೆ ಗಂಟೆಗೆ ಸುಮಾರು 105ರಿಂದ 137 ಕಿ.ಮೀ. ಯಾವುದರ ಹಾನಿ ನೋಡಬೇಕು ಅನ್ನುವ ಅದರ ಯಾದಿಯಲ್ಲಿ ಮನೆ, ಕಂಬ, ಮರ ಅಂತ 28 ಬಗೆ ಇವೆ, ಅಡಿಕೆ ಮರ ಇಲ್ಲ. ಹಾಗಾಗಿ ವರದಿಯಲ್ಲಿ "ದುರ್ಬಲ ಸುಂಟರಗಾಳಿ" ಅಂತಷ್ಟೇ ಬರೆದರು, ಸುಮ್ನೆ ಒಂದು ಅಂಕಿ ಹಾಕಲಿಲ್ಲ. ಇದು ನನಗೆ ತುಂಬಾ ಹಿಡಿಸಿತು.

ಕೊರತೆಯೂ ಇದೆ. ನಿಂತೇ ಇರುವ ಆದರೆ ಸೀಳು ಬಿಟ್ಟ ಮರಗಳು ಸೋಗೆಯ ಮರೆಯಲ್ಲಿ ಡ್ರೋನಿಗೆ ಕಾಣುವುದಿಲ್ಲ. ಮೆಣಸಿನ ಬಳ್ಳಿ ಹಬ್ಬಿದ್ದರೆ ಕೆಳಗಿನಿಂದಲೂ ಕಾಣುವುದಿಲ್ಲ. ಅವನ್ನೆಲ್ಲ ಆಮೇಲೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡನೇ ಹುಡುಕಿ ತೋರಿಸಿದ್ದು. ತಂಡದವರು ಮರ ಹತ್ತುವವರನ್ನೂ ಜೊತೆಗೆ ಕರೆತರಬೇಕು. ವರದಿ ಮೊದಲು ಇಂಗ್ಲಿಷಿನಲ್ಲಿತ್ತು, ಕೇಳಿದ ಮೇಲೆ ಕನ್ನಡದಲ್ಲಿ ಕೊಟ್ಟರು. ಕೇಳದೆಯೇ ಕೊಡಬೇಕಿತ್ತು ಅಲ್ವಾ?

ಈ ವರದಿ ಒಂದನ್ನೇ ಹಿಡಿದುಕೊಂಡು ಹೋದರೆ ಪರಿಹಾರ ಸಿಗುವುದಿಲ್ಲ, ಕಂದಾಯದವರ ಮಹಜರು ಆಗಲೇಬೇಕು. ನಮ್ಮಲ್ಲಿ ಮಹಜರಿಗೆ ಬಂದವರು ಈ ನಕ್ಷೆ ಹಿಡಿದು ನೇರವಾಗಿ ಹಾನಿಯಾದ ಜಾಗಕ್ಕೇ ನಡೆದರು, ಕೆಲಸ ಬೇಗ ಮುಗಿಯಿತು. 2022ರ ವಿಪತ್ತು ಪರಿಹಾರ ನಿಯಮದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಶೇ 33ಕ್ಕಿಂತ ಕಡಿಮೆ ಹಾನಿಯಾದರೆ ಇಲ್ಲ, 2 ಹೆಕ್ಟೇರಿಗಿಂತ ಹೆಚ್ಚಿನ ಜಾಗಕ್ಕೂ ಇಲ್ಲ. ಅಂದರೆ ಎಕರೆಗೆ ಒಂಬತ್ತು ಸಾವಿರ ಚಿಲ್ಲರೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಎಕರೆಯಲ್ಲಿ 500ಕ್ಕೂ ಹೆಚ್ಚು ಮರ ಇರುತ್ತವೆ, ಹೊಸ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಸೋಗಾನೆ ವಿಮಾನ ನಿಲ್ದಾಣದ ಹತ್ತಿರ ತೋಟ ಇರುವವರು ಮೊದಲೇ ವಿಚಾರಿಸಿ, 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ. ಮಳೆ ಹಿಡಿದರೂ ಹಾರಿಸುವುದಿಲ್ಲ. ಕರೆಸುವುದಾದರೆ ಗಾಳಿ ಬಂದ ವಾರದೊಳಗೇ ಕರೆಸಿ, ಅಲ್ಲಿಯವರೆಗೆ ಓಡಾಡುವ ದಾರಿಗೆ ಅಡ್ಡ ಬಿದ್ದದ್ದನ್ನು ಮಾತ್ರ ಫೋಟೋ ತೆಗೆದು ಸರಿಸಿ.