ಕಾಟ್ಲಾ ಐಸ್ ಕೇವ್ ಟೂರ್: ಬೆಂಕಿ ಕಾಣಲ್ಲ, ಆದ್ರೂ ಹೋಗಿ

ಐಸ್‌ಲ್ಯಾಂಡ್‌ಗೆ ಹೋದಾಗ ವೀಕ್ ಅನ್ನೋ ಊರಿಂದ ದೊಡ್ಡ ಚಕ್ರದ ಜೀಪಲ್ಲಿ ಕರ್ಕೊಂಡೋಗೋ ಮೂರು ಗಂಟೆ ಟೂರ್ ಮಾಡಿದ್ವಿ, ಕಂಪನಿ ಹೆಸರು ಬೇಡ ಬಿಡಿ, ಅಲ್ಲಿ ಇಂಥವು ಸುಮಾರಿವೆ. ಜ್ವಾಲಾಮುಖಿ ಅಂದ ತಕ್ಷಣ ನಮ್ಮನೆಯವ್ರು ಕೆಂಪಗೆ ಕುದಿಯೋ ಲಾವಾ ಅಂದ್ಕೊಂಡು ಕ್ಯಾಮೆರಾ ಚಾರ್ಜ್ ಮಾಡ್ಕೊಂಡಿದ್ರು. ಅದೇನೂ ಇಲ್ಲ. ಕಾಟ್ಲಾ ಇರೋದು ಮಿರ್ದಾಲ್ಸ್‌ಯೋಕುಲ್ ಹಿಮನದಿ ಅಡೀಲಿ, ನೂರಾರು ಮೀಟರ್ ಐಸ್ ಹೊದ್ಕೊಂಡು ಮಲಗಿದೆ, ನಮಗೆ ತೋರ್ಸೋದು ಅದರ ಅಂಚು ಮಾತ್ರ.

ಆ ಅಂಚೇ ಸಾಕು ಮಾರಾಯ್ರೆ. ನೀಲಿ ಐಸಿನ ಗೋಡೇಲಿ ಕಪ್ಪು ಕಪ್ಪು ಪಟ್ಟೆ, ಹಳೇ ಸ್ಫೋಟಗಳ ಬೂದಿ ಬಿದ್ದು ಅದರ ಮೇಲೆ ಮತ್ತೆ ಹಿಮ ಬಿದ್ದು ಹಂಗೇ ಪದರ ಪದರವಾಗಿ ಉಳ್ಕೊಂಡಿದೆ. ಬೆರಳಲ್ಲಿ ಉಜ್ಜಿದ್ರೆ ಗ್ಲೌಸ್ ಮೇಲೆ ಕಾಫಿಪುಡಿ ಥರ ಅಂಟತ್ತೆ, ಟಾರ್ಚ್ ಬಿಟ್ರೆ ಮಿಣುಕ್ ಅನ್ನತ್ತೆ, ಯಾಕಂದ್ರೆ ಅದು ಗಾಜು! ಕಾದ ಬಾಣಲೆಗೆ ನೀರು ಬಿದ್ದಂಗೆ, ಶಿಲಾರಸಕ್ಕೆ ಕರಗಿದ ಐಸ್ ತಾಗಿದ್ರೆ ಸಿಡಿದು ಪುಡಿಯಾಗತ್ತಂತೆ.

ಗೈಡ್ ಹುಡುಗನಿಗೆ ಮಾತ್ರ ಪೂರ್ತಿ ಮಾರ್ಕ್ಸು. ವೀಕ್ ಪಕ್ಕದ ಗುಡ್ಡಾನೂ ಬಹುಪಾಲು ಐಸ್ ಅಡೀಲೇ ಹುಟ್ಟಿದ್ದು ಅಂತ ತೋರ್ಸಿ, ಆ ಗಾಜಿನ ಪುಡಿ ಗಟ್ಟಿಯಾಗಿ ಆದ ಬೆಲ್ಲದ ಬಣ್ಣದ ಕಲ್ಲು ಕೈಗೆ ಕೊಟ್ಟ, ಅದಕ್ಕೆ ಅವರು ಮೋಬೆರ್ಗ್ ಅಂತಾರೆ, ಉಗುರಲ್ಲಿ ಕೆರೆದ್ರೆ ಉದುರತ್ತೆ. ಸ್ಫೋಟ ಐಸ್ ದಾಟಿ ಮೇಲೆ ಬಂದ್ರೆ ಆಮೇಲೆ ಲಾವಾ ನೀರಿನ ಕಾಟ ಇಲ್ದೆ ಆರಾಮಾಗಿ ಹರಿದು ತಲೆ ಚಪ್ಪಟೆ ಆಗತ್ತಂತೆ, ಉತ್ತರದ ಕಡೆ 1,682 ಮೀಟರ್ ಎತ್ತರದ ಹೆರ್ಡುಬ್ರೇಡ್ ಬೆಟ್ಟ ಹಂಗೇ ಆಗಿದ್ದು, ಸುತ್ತಲಿನ ಐಸ್ ಕರಗಿ ಹೋಗಿ ಟೇಬಲ್ ಇಟ್ಟಂಗೆ ಬೆಟ್ಟ ಉಳೀತು. ಫೋನಲ್ಲಿ ಫೋಟೋ ತೋರ್ಸಿದ, ನಾವಿನ್ನೂ ಅಲ್ಲಿಗೆ ಹೋಗಿಲ್ಲ.

ಬೇಜಾರಾಗಿದ್ದು ಏನಂದ್ರೆ ಗುಹೆ ಒಳಗೆ ಇಪ್ಪತ್ತೇ ನಿಮಿಷ, ಹಿಂದೆ ಇನ್ನೊಂದು ಗುಂಪು ನೂಕ್ತಾ ಇತ್ತು. ಶೂಗೆ ಕಟ್ಟೋ ಮುಳ್ಳಿನ ಪಟ್ಟಿ ನಂದು ಲೂಸು, ಎರಡ್ ಸಲ ಜಾರಿದೆ, ಕಟ್ಕೊಂಡ ಮೇಲೆ ಒಂದ್ಸಲ ಕಾಲು ಝಾಡಿಸಿ ನೋಡ್ಕೊಳ್ಳಿ. ಊಟ ಕೊಡಲ್ಲ, ನಾವು ಪುಳಿಯೋಗರೆ ಕಟ್ಕೊಂಡೋಗಿದ್ವಿ ಬಚಾವು.

ಐದಕ್ಕೆ ನಾಲ್ಕು ಸ್ಟಾರ್. ವಾಪಸ್ ಬಂದ್ಮೇಲೆ ದಿಬ್ಬದ ಮೇಲಿನ ಚರ್ಚ್‌ಗೂ ಹತ್ತಿ, ಕಾಟ್ಲಾ ಎದ್ರೆ ಊರವರೆಲ್ಲ ಓಡ್ಬೇಕಾಗಿರೋದು ಅಲ್ಲಿಗೇ. 1918ರಲ್ಲಿ ಎದ್ದಾಗ ಕರಗಿದ ಐಸಿನ ಪ್ರವಾಹ ಎಷ್ಟು ಮರಳು ತಂದು ಸುರೀತು ಅಂದ್ರೆ ಸಮುದ್ರತೀರಾನೇ ಮುಂದಕ್ಕೆ ಹೋಯ್ತು, ನಮ್ಮ ಜೀಪು ಓಡಿದ್ದೂ ಇಂಥ ಪ್ರವಾಹಗಳು ಹರಡಿದ ಕಪ್ಪು ಮರಳಿನ ಮೇಲೇ.