ಹಿನ್ನೀರಿನ ಜಿಲೇಬಿ ಮೀನಿಗೆ ಅಗ್ಗದ ಸ್ಪಿನ್ನಿಂಗ್ ರೀಲ್
ಕೊಪ್ಪಳದ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ಜಿಲೇಬಿ (ತಿಲಾಪಿಯಾ) ಮೀನಿಗೆ 0.20 ಮಿ.ಮೀ. ನೈಲಾನ್ ದಾರ ಸಾಕು. ಅದಕ್ಕೆ 1000 ಇಲ್ಲವೇ 2000 ಸೈಜಿನ, ಅಂದರೆ ಸಣ್ಣ ಅಳತೆಯ ರೀಲ್ (ಗಾಳದ ಕೋಲಿನ ದಾರ ಸುತ್ತುವ ಸಾಧನ) ಒಪ್ಪುತ್ತದೆ. ಡಬ್ಬಿಯ ಮೇಲಿನ ಬೇರಿಂಗ್ ಸಂಖ್ಯೆಗೆ ಮರುಳಾಗಬೇಡಿ. ಅಗ್ಗದ ರೀಲ್ ಕೈಕೊಡುವುದು ಹೆಚ್ಚಾಗಿ ಮೀನು ಜಗ್ಗಿದಾಗ ದಾರವನ್ನು ಹಿಡಿತದಲ್ಲಿ ಬಿಡುವ ಬ್ರೇಕಿನಲ್ಲಿ, ಅಂದರೆ ಡ್ರ್ಯಾಗ್‌ನಲ್ಲಿ. ಅಂಗಡಿಯಲ್ಲೇ ಡ್ರ್ಯಾಗ್ ತುಸು ಸಡಿಲಿಸಿ, ಹಿಡಿಕೆ ಅಲುಗದಂತೆ ಹಿಡಿದು, ದಾರ ಸುತ್ತಿಕೊಳ್ಳುವ ಸ್ಪೂಲನ್ನು ಬೆರಳಲ್ಲಿ ನಿಧಾನವಾಗಿ ತಿರುಗಿಸಿ. ಬೆಣ್ಣೆಯಂತೆ ಜಾರಬೇಕು. ತಡೆದು ತಡೆದು ತಿರುಗಿದರೆ ಕೊಳ್ಳಬೇಡಿ, ಮೀನು ಜಗ್ಗಿದಾಗ ತೆಳು ದಾರ ಆ ಗಕ್ಕನೆಯ ತಡೆಗೇ ಹರಿಯುತ್ತದೆ.

ಬೇಲ್ (ದಾರವನ್ನು ಸ್ಪೂಲಿಗೆ ಸುತ್ತುವ ತಂತಿಯ ಕಮಾನು) ತುದಿಯ ಪುಟ್ಟ ರೋಲರ್‌ಗೆ ಒಂದೆಳೆ ದಾರ ಹಾಕಿ ಎಳೆದು ನೋಡಿ. ಅದು ತಿರುಗದಿದ್ದರೆ ದಾರ ಉಜ್ಜಿ ಸವೆಯುತ್ತದೆ, ಹುರಿಗಟ್ಟುತ್ತದೆ. ದಾರ ಸುತ್ತುವಾಗ ಸ್ಪೂಲಿನ ಅಂಚಿಗಿಂತ 2 ಮಿ.ಮೀ. ಕೆಳಗೇ ನಿಲ್ಲಿಸಿ; ಹೆಚ್ಚಾದರೆ ಗಾಳ ಎಸೆದಾಗ ಸುರುಳಿಗಳು ಒಟ್ಟಿಗೇ ಬಿಚ್ಚಿ ಗೋಜಲಾಗುತ್ತವೆ. ದಂಡೆಯ ಮರಳಲ್ಲಂತೂ ರೀಲ್ ಇಡಲೇಬೇಡಿ.